ಟಿಪ್ಪಣಿ ತಾತನ ಸಾಲು

ನಂಬೋದು ಬಿಡೋದು ನಿಮಗೇ ಬಿಟ್ಟಿದ್ದು. ನನ್ನ ತಂಗಿಯ ಮಗಳಿಗೇ ಆದದ್ದು ಇದು. ಹುಟ್ಟಿದೂರು ಬಿಟ್ಟು ಇಷ್ಟು ದೂರ ಬಂದ ನನಗೆ ಇರುವವಳು ಅವಳೊಬ್ಬಳೇ. ಸುಳ್ಳು ಹೇಳುವವಳಲ್ಲ.

ಆಸ್ಪತ್ರೆಯಲ್ಲಿ ಮಕ್ಕಳಿಗೆ ಔಷಧಿ ಹನಿಸುವ ಯಂತ್ರ ಇರುತ್ತದಲ್ಲ, ಅದರ ಸಾಫ್ಟ್‌ವೇರಿಗೆ ಕೈಪಿಡಿ ಬರೆಯುವ ಕೆಲಸ ಅವಳದು. ಪಕ್ಕದ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯ. ಟಿಪ್ಪಣಿ ತಾತ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದರು. ಕೋಡ್‌ನಲ್ಲಿ ‘ತೂಕ: ಸಂಖ್ಯೆ’ ಅಂತಷ್ಟೇ ಇದ್ದರೆ, ತಾತ ಪುಟದಲ್ಲಿ ಕೈಯಾರೆ ಸೇರಿಸುತ್ತಿದ್ದ: ‘ಕಿಲೋದಲ್ಲಿ ಹಾಕಿ. ಗ್ರಾಂ ಹಾಕಿದರೆ ಮಗು ಉಳಿಯುವುದಿಲ್ಲ.’

ಆಮೇಲೆ ಕೋಡ್ ಓದಿ ತಾನೇ ಕೈಪಿಡಿ ಬರೆಯುವ ಪ್ರೋಗ್ರಾಂ ಬಂತು. ದಿನಾ ರಾತ್ರಿ ಹಳೆಯ ಪುಟ ಅಳಿಸಿ ಹೊಸದು ಬರೆಯುತ್ತದೆ. ಕೋಡ್‌ನಲ್ಲಿ ಇಲ್ಲದ್ದು ಪುಟದಲ್ಲೂ ಇಲ್ಲ. ಅದನ್ನು ಮೊದಲ ಸಲ ಓಡಿಸಿದವಳು ನಮ್ಮ ಹುಡುಗಿಯೇ.

“ನನ್ನ ಸಾಲು ಕೋಡ್‌ಗೆ ಸೇರ್ಸೋಕೆ ಕೋಡ್ ಬರೆಯೋರಿಗೆ ಹೇಳಮ್ಮ. ಆಮೇಲೆ ಓಡ್ಸು” ಅಂದನಂತೆ ತಾತ.

“ನಾಳೆ ಹೇಳ್ತೀನಿ ತಾತ. ಸಾಹೇಬ್ರು ಇವತ್ತೇ ಆಗ್ಬೇಕು ಅಂತ ಕೂತಿದ್ದಾರೆ.”

ಆ ನಾಳೆ ಬರಲೇ ಇಲ್ಲ. ತಾತನನ್ನು ಮನೆಗೆ ಕಳಿಸಿದರು. ತಿಂಗಳೊಳಗೆ ಹೋಗಿಬಿಟ್ಟ.

ಒಂದು ರಾತ್ರಿ ಹನ್ನೊಂದಕ್ಕೆ ಇವಳು ಮನೆಗೆ ಹೊರಟಿದ್ದಳು. ಆಫೀಸಿನ ಹಿಂದೆ ಪಾಳುಬಾವಿ, ಮೇಲೆ ತಗಡು. ಅದನ್ನು ದಾಟುವಾಗ... ಮೇಲಿನ ಕಿಟಕಿಯಿಂದ ಸದ್ದು. ಟಕ್ ಟಕ್ ಟಕ್... ಕಿರ್. ಟಕ್ ಟಕ್... ಕಿರ್. ಪದಗಳ ನಡುವೆ ಜಾಗ ಬಿಡುವ ಉದ್ದನೆಯ ಕೀ ಹಾಗೆ ಕಿರುಗುಡುತ್ತಿದ್ದದ್ದು ತಾತನದು ಮಾತ್ರ.

ಹತ್ತಿ ಹೋದಳು. ಯಾರೂ ಇಲ್ಲ. ತಾತನ ಕೀಬೋರ್ಡಿನ ತಂತಿ ಯಾವುದಕ್ಕೂ ಸಿಕ್ಕಿಸದೆ ಮೇಜಿನಿಂದ ಸುಮ್ಮನೆ ಜೋತಾಡುತ್ತಿತ್ತು.

“ತಾತಾ...” ಅಂದಳಂತೆ, ಪಿಸುದನಿಯಲ್ಲಿ.

ಕಿರ್... ಒಂದೇ ಸಲ.

ಪರದೆಯ ಮೇಲೆ ಪ್ರೋಗ್ರಾಂ ಆಗತಾನೇ ಬರೆದ ಪುಟ. ತೂಕ: ಸಂಖ್ಯೆ. ಕೆಳಗೆ... ಆ ಸಾಲು. ಕೋಡ್ ಪೂರ್ತಿ ಜಾಲಾಡಿದಳು. ಅಲ್ಲಿಲ್ಲ.

ಬೆಳಿಗ್ಗೆ ಸಾಹೇಬರಿಗೆ ಎಲ್ಲ ಹೇಳಿದಳು. ಅವರು ನಕ್ಕರು.

“ನೋಡ್ದ್ಯಾ, ಪ್ರೋಗ್ರಾಂ ತಾನೇ ಕಲ್ತುಬಿಟ್ಟಿದೆ! ಇನ್ನು ನೀನಾದ್ರೂ ಯಾಕಮ್ಮ?”

ತಿಂಗಳ ಕೊನೆಗೆ ಇವಳನ್ನೂ ಕಳಿಸಿದರು. ಆ ಸಾಲು ಈಗಲೂ ದಿನಾ ರಾತ್ರಿ ಬರುತ್ತಿದೆಯಂತೆ. ಸತ್ತ ಮೇಲೂ ದುಡಿಯುವವನು ಅವನು, ಹೊಗಳಿಕೆ ಪ್ರೋಗ್ರಾಂಗೆ.

ಬರುವಾಗ ಆ ಕೀಬೋರ್ಡ್ ಕೇಳಿ ತಂದಳು. ನಮ್ಮ ಕಪಾಟಿನ ಮೇಲಿದೆ, ತಂತಿ ಸುತ್ತಿ ನಾನೇ ಇಟ್ಟಿದ್ದೇನೆ. ಯಾರೂ ಮುಟ್ಟುವುದಿಲ್ಲ, ಒರೆಸುವುದೂ ಇಲ್ಲ. ಕೀಗಳ ಮೇಲೆಲ್ಲ ಧೂಳು ಕೂತಿದೆ. ಆ ಉದ್ದನೆಯದರ ಬಲತುದಿಯಲ್ಲಿ, ಹೆಬ್ಬೆರಳಗಲ ಮಾತ್ರ, ಧೂಳಿಲ್ಲ. ಕಣ್ಣಾರೆ ನೋಡಿದ್ದೇನೆ... ಇವತ್ತು ಬೆಳಿಗ್ಗೆಯೂ.