ಮಾರಿ ಒಣಗೂತನಕ

ಮತ್ತ ನಡುವ ಬಾಯಿ ಹಾಕಿದ್ರಿ! ಒಂದ ಮಾತು ಪೂರಾ ಮಾಡಾಕ ಬಿಡ್ರಿ ಅತ್ತಿ… ನೋಡ್ರಿ, ಗಲ್ಲದ ಮ್ಯಾಲೆ ಬಿರುಕು ಬಿಡ್ತು. ಮುಲ್ತಾನಿ ಮಣ್ಣು ಒಣಗೂತನಕ ಮಾತಾಡಬಾರದು ಅಂತ ಹೇಳಿದ್ನಿಲ್ಲ? ಕುರಿ ಹಿಂದ ದಿನಾ ಪೂರಾ ಸುಮ್ಮ ಅಡ್ಡ್ಯಾಡ್ತಿದ್ರಿ, ಇಲ್ಲೆ ಕಟ್ಟಿ ಮ್ಯಾಲೆ ಒಂದ ಗಳಿಗಿ ಕುಂಡ್ರಾಕ ಆಗವಲ್ದು. ತಡೀರಿ, ಅಲ್ಲೆ ಮತ್ತ ಮೆತ್ತತೇನಿ. ಹೂಂ. ಏನರ ಹೇಳೂದಿದ್ರ ಕೈ ಸನ್ನಿ ಮಾಡ್ರಿ, ಸಾಕು.

ಏನು, ಯಾಕ ಇದೆಲ್ಲಾ ಅಂತೀರಿ? ನಾಳೆ ಗೋಕಾಕದಾಗ ಮಾಯಾನ ಸಾಲಿ ಮೀಟಿಂಗ್ ಐತಿ. ನೀವು ಹೋಗಬೇಕು. ಮೊಮ್ಮಗಳ ಸಾಲಿಗೆ ಹೋಗಾಕಿ ಮಾರಿ ನೆಟ್ಟಗ ಇರಬೇಕಿಲ್ಲ? ನನಗ ಆಗೂದಿಲ್ರಿ. ಅರಭಾವಿ ತೋಟಗಾರಿಕಿ ಕಾಲೇಜ ನರ್ಸರ್‍ಯಾಗ ಕೆಲಸ ಭಾಳ ಐತಿ… ಎರಡ ಬಟ್ಟ ತೋರಸಬ್ಯಾಡ್ರಿ. ನಾಳೆ ಎರಡನೇ ಶನಿವಾರ, ಕಾಲೇಜ ಸೂಟಿ, ಗೊತ್ತೈತಿ. ಸಸಿಗೇನ ಸೂಟಿ ತಿಳೀತೈತೇನ್ರಿ?

ಬರೇ ಮಣ್ಣು ಹಚ್ಚಿದ್ರ ವಯಸ್ಸಾದ ತೊಗಲು ಮತ್ತಷ್ಟ ಒಣಗತೈತಂತ, ಅದಕ್ಕ ಹಾಲಿನ ಕೆನಿ ಕಲಿಸೇನಿ. ಇದು ನನ್ನ ಶಾಣ್ಯಾತನ ಅಲ್ಲ. ನಾ ಹತ್ತನೇತ್ತಾ ಕಲತಾಕಿ, ಡಬ್ಬಿ ಹಿಂದಿನ ಸಣ್ಣ ಅಕ್ಷರ ಕೂಡಿಸಿ ಓದೂದ್ರಾಗ ಅಂಗಡಿ ಬಾಗಲಾ ಹಾಕತಾರ. ಮೆಡಿಕಲ್ ಅಂಗಡ್ಯಾಗಿನ ಅರ್ಚನಾನ್ನ ಕೇಳಿದ್ನಿ, ಮಾರಿ ಮ್ಯಾಲಿನ ನಿರಿಗಿಗೆ ಏನ ಚಲೋ ಅಂತ. ಮೊದಲ ಬಿಸಲಿಗೆ ಹಚ್ಚೂ ಸನ್‌ಸ್ಕ್ರೀನ್ ತಗದಿಟ್ಲು. ಇದನ್ನ ಬಿಟ್ಟು ಬ್ಯಾರೆ ಏನ ಹಚ್ಚಿದ್ರೂ ಹಸಿ ಸುಣ್ಣದ ಮ್ಯಾಲೆ ಮಳಿ ಬಿದ್ದಂಗ, ಅಂದ್ಲು. ಆಮ್ಯಾಲೆ ವಿಟಮಿನ್ ಸಿ ಅಂತೊಂದು, ಮುಂಜಾನೆ ಹಚ್ಚೂದು. ಹಂಗಿದ್ರ ಲಿಂಬಿಹಣ್ಣ ತಿಕ್ಕಿದ್ರ ಆತಲ್ಲ, ಅಂದ್ನಿ. ಮಾರಿ ಸುಡತೈತಿ ಅಕ್ಕಾ, ಲಿಂಬಿಹಣ್ಣ ಉಪ್ಪಿನಕಾಯಿಗೆ ಇಡು, ಅಂದ್ಲು.

ನಗಬ್ಯಾಡ್ರಿ! ಗದ್ದದಾಗ ಬಿರುಕು… ನಗಬ್ಯಾಡ್ರಿ ಅಂದ್ರ!

ಸಂತ್ಯಾಗ ಸಿಗೂ ಬೆಳ್ಳಗ ಮಾಡೂ ಕ್ರೀಮ್ ಹೆಂಗ ಅಂತನೂ ಕೇಳಿದ್ನಿ. ಹೆಸರಿಲ್ಲದ ಡಬ್ಬಿ ಮುಟ್ಟಬ್ಯಾಡ, ತೊಗಲು ತೆಳ್ಳಗಾಗಿ ಒಳಗಿನ ನರಾ ಕಾಣತಾವು ಅಂದ್ಲು. ಕಡೀಕ ರೆಟಿನಾಲ್ ಅಂತೊಂದು ತಗದ್ಲು. ನಿರಿಗಿಗೆ ಅದರಷ್ಟು ಚಲೋದು ಇಲ್ಲಂತ. ಕೈಯಾಗ ತಗೊಂಡಿದ್ನಿ, ಕಸಗೊಂಡ ಬಿಟ್ಲು. ಮೊಲಿ ಕುಡಸಾಕಿ ಇದನ್ನ ಹಚ್ಚಬಾರದು ಶೈಲಕ್ಕಾ, ಅಂತ ಒಳಗ ಇಟ್ಲು. ಅದರ ಬದಲಿ ಈ ನಯಾಸಿನಮೈಡ್ ಬಾಟ್ಲಿ ಕೊಟ್ಲು…

ಯಾಕ ಹಂಗ ನೋಡ್ತೀರಿ? ಹೂಂ, ನೀವು ಮೊಲಿ ಕುಡಸೂದಿಲ್ಲ. ನನಗೂ ಗೊತ್ತೈತಿ. ಕೂಸು ನನ್ನ ಕಂಕುಳಾಗ ಇತ್ತು, ಅಕಿ ತಪ್ಪ ತಿಳಕೊಂಡ್ಲು, ಅಷ್ಟ. ನಿಮಗಂತನ ತಂದದ್ದು. ಬಾಟ್ಲಿ ಅಲಗಾಡಸಬ್ಯಾಡ್ರಿ. ಅರ್ಧಾ ಆಗೇತಂದ್ರ… ಬಸ್ಸಿನಾಗ ಸೋರಿರಬೇಕು.

ಖರೆ ಹೇಳಬೇಕಂದ್ರ ನಿಮ್ಮ ಮಾರಿಗೆ ಮಾಡೂದು ಭಾಳಿಲ್ಲ. ಜೀವಮಾನ ಸೆರಗು ಮುಂದ ಎಳಕೊಂಡ ಅಡ್ಡ್ಯಾಡೀರಿ, ಬಿಸಲಿಗೆ ಮೂಗಿನ ತುದಿ ಅಷ್ಟ ಕೊಟ್ಟೀರಿ. ನಾ ಸೆರಗು ಎಳಕೊಂಡು ಕುಂತ್ರ ಕಸಾ ಯಾವುದು, ಸಸಿ ಯಾವುದು ಕಾಣೂದಿಲ್ಲ. ಈಗ ಸನ್‌ಸ್ಕ್ರೀನ್ ಹಚ್ಚೂದು ಹಚ್ಚತೇನಿ. ಮೂರ ತಿಂಗಳರ ಹಚ್ಚಬೇಕಂತ ಫರಕ ಕಾಣಬೇಕಂದ್ರ. ಮೀಟಿಂಗ್ ನಾಳೆನ ಐತಿ.

ನಗೂದಿದ್ರ ಇದಕ್ಕ ನಗ್ರಿ, ಹೆಂಗೂ ಒಣಗಾಕ ಬಂತು. ಹೋದ ಸಲದ ಮೀಟಿಂಗಿಗೆ ಒಬ್ಬಾಕಿ ಬಂದಿದ್ಲು. ನಿಮಗ ಗೊತ್ತಿಲ್ಲ ಅಕಿ. ತವರಮನಿ ದಡ್ಡಿ ಊರ ಕಡೆ… ನನ್ನ ತವರೂ ದಡ್ಡೀನ, ಹೌದು. ದಡ್ಡ್ಯಾಗ ನಾ ಒಬ್ಬಾಕೇ ಹುಟ್ಟೇನೇನ್ರಿ? ಸಣ್ಣಾಕೀನ, ಆದ್ರ ಬಿಸಲಾಗ ಕರಕಾಗಿ, ಗಲ್ಲ ಒಳಗ ಹೋಗಿ, ಬೈತಲಿ ಬಾಜೂಕ ಬೆಳ್ಳನ ಕೂದಲಾ. ಟೀಚರ್ ಕೇಳಿದ್ರು, ನೀವು ಹುಡುಗಿ ಆಯಿ ಏನ್ರಿ? ಟೀಚರ್ ನಿಪ್ಪಾಣಿ ಕಡೆಯವರು, ಮನಿಮಾತು ಮರಾಠಿ. ಅವರಲ್ಲೆ ಆಯಿ ಅಂದ್ರ ಅವ್ವ. ನಮ್ಮಲ್ಲೆ ಆಯಿ ಅಂದ್ರ ನಿಮ್ಮಂಗ ಅಜ್ಜಿ ಆದಾಕಿ. ಅವರು ಕೇಳಿದ್ದು ನಮ್ಮ ಆಯಿ, ಇಕಿ ಮರಾಠಿ ಆಯಿ ಅಂತ ತಿಳಕೊಂಡು, ಹೂಂ, ನಾನ ಆಯಿ, ಅಂದ್ಲು. ಎದಿ ಉಬ್ಬಿಸಿ ಅಂದ್ಲು! ಟೀಚರ್ ಏನಂದಿರಬೇಕು ಹೇಳ್ರಿ? ‘ಈ ವಯಸ್ಸಿನ್ಯಾಗ ನಿಮಗ್ಯಾಕ ತ್ರಾಸು ಅಜ್ಜಿ, ಮುಂದಿನ ಸಲ ಹುಡುಗಿ ಅವ್ವನ್ನ ಕಳಸ್ರಿ.’ ಇಕಿ ಅದಕ್ಕೂ ಹೂಂ ಅಂದ್ಲು. ಕಳಸ್ತೇನ್ರಿ, ಅಂದ್ಲು!

…ಯಾಕ ನಗವಲ್ರಿ?

ಲಿಂಬಿಹಣ್ಣಿಗೆ ನಕ್ರಿ. ಇದು ಅದಕಿಂತಾ ಭಾರಿ ಐತಿ. ನಗ್ರಿ ಅತ್ತಿ, ಬಿರುಕು ಬಿಟ್ರ ಬಿಡ್ಲಿ.

ಎಲ್ಲೆ ಎದ್ರಿ? ಇನ್ನೂ ಹಣಿ ಹಸಿ ಐತಿ, ಈಗ ಯಾಕ ತೊಳಕೋತೀರಿ… ತೊಳಕೊಂಡ್ರಲ್ಲ, ಈಗರ ಮಾತಾಡ್ರಿ. ಈಗ ಯಾರೂ ಬ್ಯಾಡ ಅನ್ನೂದಿಲ್ಲ. ಒಂದ ಮಾತು ಬೈರಿ ಬೇಕಾದ್ರ. ಬಾಟ್ಲಿ ನನ್ನ ಕೈಯಾಗ ಯಾಕ ಇಡ್ತೀರಿ?

ಹೂಂ.

ಆ ದಡ್ಡಿಯಾಕಿ ನಾನ.

ಟೀಚರ್ ಮ್ಯಾಲೆ ನನಗ ಸಿಟ್ಟಿಲ್ರಿ. ಅವರ ಕಣ್ಣಿಗೆ ಕಂಡದ್ದ ಅಂದ್ರು. ಆದ್ರ ಮಾಯಾ ಬಾಜೂಕ ನನ್ನ ಬಟ್ಟ ಹಿಡಕೊಂಡು ನಿಂತಿದ್ಲು. ಎರಡೂ ಹೂಂ ಕೇಳಿದ್ಲು. ಬಸ್ಸಿನಾಗ ಕಿಡಕಿ ಕಡೆ ಮಾರಿ ಮಾಡಿ ಕುಂತಾಕಿ, ನಮ್ಮ ಮಮದಾಪುರ ಸ್ಟಾಪ್ ಬರೂತನಕ ಈ ಕಡೆ ತಿರುಗಲಿಲ್ಲ. ಇಳಿಯೂ ಮುಂದ ಚೀಲಾ ಹೆಗಲಿಗೆ ಹಾಕ್ಕೊಂಡು ಕೇಳಿದ್ಲು. ಸಿಟ್ಟಲೆ ಅಲ್ರಿ, ಅಳಕೋತನೂ ಅಲ್ಲ. ಲೆಕ್ಕ ತಿಳೀಲಿಲ್ಲಂದ್ರ ಕೇಳ್ತಾಳಲ್ಲ, ಹಂಗ.

‘ಯವ್ವಾ, ನಾಳಿಂದ ಟೀಚರ್ ಮುಂದ ನಿನಗ ಏನಂತ ಕರೀಲಿ?’