ಕೆಂಪು ಗುಂಡು, ಕಪ್ಪು ಗುಂಡು

ಹಲೋ? ಹಲೋ... ಯಾರು ಮಾತಾಡ್ತಿರೋದು? ... ಡೂಗಲಣ್ಣನಾ? ಏನಿದು ನಿನ್ನ ಗಂಟಲು, ಕಪ್ಪೆ ನುಂಗಿದ ಹಾಗಿದೆ? ... ನಾನು ಕಣೋ, ಸೆಂಗಾ. ... ನಿನ್ನ ತಂಗಿ! ಎಷ್ಟು ಜನ ತಂಗಿಯರಿದ್ದಾರೆ ನಿನಗೆ?

...

ಗೊತ್ತು, ಭಾನುವಾರ ಅಂತ. ರಾತ್ರಿ ಕುಡಿದಿದ್ದೂ ಗೊತ್ತು. ಇಡೀ ಕಿಲ್‌ಡ್ರೆನ್ ಊರಿಗೇ ಗೊತ್ತು. ಹೋಟೆಲಿನ ಮೇಜು ಹತ್ತಿ ನಿಂತು ಹಾಡಿದೆಯಂತಲ್ಲ, ಆ ಮೊಣಕಾಲುದ್ದದ ಕಿಲ್ಟ್ ಲಂಗ ಹಾಕ್ಕೊಂಡು! ಕೆಳಗೆ ಕೂತಿದ್ದವರ ಗತಿ ಏನಾಗಿರಬೇಕು, ಪಾಪ.

...

ಹಾಂ, ಹಾಂ, ಅಭಿನಂದನೆ. ... ಹೇಳಿದ್ನಲ್ಲಪ್ಪಾ! ಹದಿನಾರು ಅಡಿ. ನಾನೂ ಅಲ್ಲೇ ಇದ್ದೆ, ಕಣ್ಣಾರೆ ನೋಡಿದೆ. ... ಬೇಡ, ಮತ್ತೆ ಮೊದಲಿಂದ ಹೇಳ್ಬೇಡ. ... ಶುರು ಮಾಡೇಬಿಟ್ಟ.

ಸೆಂಗಾ ರಿಸೀವರನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದಳು. ಅಣ್ಣನ ಪ್ರತಾಪವನ್ನು ನಿನ್ನೆ ಸಂಜೆಯಿಂದ ಊರಿಗೆ ಊರೇ ಕೇಳಿಸಿಕೊಂಡಿತ್ತು. ಎತ್ತರದಲ್ಲಿ ಕಟ್ಟಿದ ಅಡ್ಡಪಟ್ಟಿಗೆ ಬೆನ್ನು ಮಾಡಿ ನಿಂತು, ಹಿಡಿಕೆಯಿರುವ ಲೋಹದ ಗುಂಡನ್ನು ಒಂದೇ ಕೈಯಲ್ಲಿ ತಲೆಯ ಮೇಲಿಂದ ಹಿಂದಕ್ಕೆಸೆದು ಪಟ್ಟಿ ದಾಟಿಸುವ ಆಟ. ಅದರಲ್ಲಿ ಐವತ್ತು ದಾಟಿದ ಗಂಡಸರ ಪೈಕಿ ಡೂಗಲ್ ನಿನ್ನೆ ಆ ಬಯಲಿನ ಹಳೆಯ ದಾಖಲೆಯನ್ನೆಲ್ಲ ಮುರಿದು ಹಾಕಿದ್ದ. ಅದೇ ಬಯಲಿನಲ್ಲಿ, ಅದೇ ಮಧ್ಯಾಹ್ನ, ಹೆಂಗಸರು ಐದು ಜನರೂ ಮಣ್ಣು ಮುಕ್ಕಿದ್ದರು. ಹೋದ ವರ್ಷ ಹನ್ನೆರಡು ಅಡಿ ದಾಟಿಸಿದ್ದ ಸೆಂಗಾ ಈ ಸಲ ಒಂಬತ್ತಕ್ಕೇ ಕುಸಿದಿದ್ದಳು. ಹೆಂಗಸರ ಆ ಕೆಂಪು ಗುಂಡು ಈಗ ಅವಳ ಅಡುಗೆಮನೆಯ ನೆಲದ ಮೇಲೆ, ಬಚ್ಚಲಿನಿಂದ ತಂದ ತೂಕದ ಯಂತ್ರದ ನಡುಮಧ್ಯೆ ಕೂತಿತ್ತು.

ಮುಗೀತಾ? ... ಸರಿ. ಇವತ್ತು ಸಮಿತಿ ಸಭೆ ಎಷ್ಟೊತ್ತಿಗೆ? ... ಚರ್ಚ್ ಬಿಟ್ಟ ಮೇಲೆ. ನೀನೇ ಅಧ್ಯಕ್ಷ, ಅಲ್ವಾ? ... ಮತ್ತೆ, ಮುಂದಿನ ವರ್ಷದಿಂದ ಹೆಂಗಸರಿಗೆ ಈ ಆಟವೇ ಬೇಡ ಅಂತ ತೀರ್ಮಾನ ಮಾಡ್ತೀರಂತೆ, ನಿಜವಾ? ... ಅದರ ಬದಲು ಏನು? ... ಏನು? ... ಚಮಚದಲ್ಲಿ ಮೊಟ್ಟೆ ಇಟ್ಕೊಂಡು ಓಡೋದಾ!

...

ಜನ ಎದ್ದು ಹೋದ್ರು ಅಂತೀಯಾ? ಎದ್ದು ಹೋಗಿದ್ದು ಬರ್ಗರ್ ಗಾಡಿಗೆ. ನೀನು ಎಸೆಯೋವಾಗ್ಲೂ ಹೋದ್ರು, ನಿನಗೆ ಕಾಣಿಸ್ಲಿಲ್ಲ ಅಷ್ಟೆ.

...

ಅಲ್ಲ, ನನಗೂ ಹಾಗೇ ಅನ್ನಿಸಿತ್ತು ಕಣೋ. ಇನ್ನು ಮುಗೀತು, ಮುದುಕಿ ಆದೆ ಅಂತ. ಮನೆಗೆ ಬಂದು ಕಿಲ್ಟ್ ಮಡಚಿ ಪೆಟ್ಟಿಗೆಗೆ ಹಾಕ್ದೆ. ಆಮೇಲೆ ಕೂತು ಅತ್ತುಬಿಟ್ಟೆ. ... ಹೌದು, ನಾನೇ ಅತ್ತಿದ್ದು. ನಗೋದಾದ್ರೆ ಈಗಲೇ ನಕ್ಕುಬಿಡು, ಇನ್ನೆರಡು ನಿಮಿಷಕ್ಕೆ ನಿನಗೆ ನಗೋಕೆ ಆಗಲ್ಲ.

...

ಯಾಕೆ ಅಂದ್ರೆ, ಬೆಳಿಗ್ಗೆ ಈ ಕೆಂಪು ಗುಂಡನ್ನ ಆಟದ ಸಾಮಾನಿನ ಶೆಡ್ಡಿಗೆ ಸಾಗಿಸೋಕೆ ಹೋದೆ. ಇಷ್ಟು ಪುಟ್ಟ ಗುಂಡು, ಸೊಂಟ ಹಿಡ್ಕೊಂಡ್ತು. ಸಿಟ್ಟು ಬಂದು ತೂಕದ ಯಂತ್ರದ ಮೇಲೆ ಕುಕ್ಕಿದೆ. ಎಷ್ಟು ತೋರಿಸ್ತು ಹೇಳು ನೋಡೋಣ. ... ಅಲ್ಲ. ... ಇಪ್ಪತ್ತೆಂಟಲ್ಲ. ... ನಲವತ್ತೆರಡು ಪೌಂಡು ಕಣಪ್ಪಾ.

...

ಯಂತ್ರ ಕೆಟ್ಟಿಲ್ಲ. ನಾನೂ ಹತ್ತಿ ನೋಡಿದೆ. ಸರಿಯಾಗೇ ಇದೆ. ... ನನ್ನ ತೂಕ ಎಷ್ಟಾದ್ರೆ ನಿನಗೇನು? ಯಂತ್ರ ಸರಿಯಿದೆ ಅಂತ ಗೊತ್ತಾಯ್ತು, ಗೊತ್ತಾಗಿ ಬೇಜಾರೂ ಆಯ್ತು, ಅಷ್ಟು ಸಾಕು.

...

ಈಗ ಲೆಕ್ಕ ಹಾಕು. ಹೆಂಗಸರ ಗುಂಡು ಇಪ್ಪತ್ತೆಂಟು. ನಿನ್ನಂಥ ವಯಸ್ಸಾದ ಗಂಡಸರದ್ದು ನಲವತ್ತೆರಡು. ನಲವತ್ತೆರಡರದ್ದು ನನ್ನ ಅಡುಗೆಮನೇಲಿದೆ. ಹಾಗಾದ್ರೆ ನೀನು ಹದಿನಾರಡಿ ಹಾರಿಸಿದ್ದು ಯಾರ ಗುಂಡು? ... ನಿಧಾನವಾಗಿ ಯೋಚಿಸು. ತಲೆನೋವಿದೆ ಅಂತ ಗೊತ್ತು.

...

ಹಲೋ? ... ಇದ್ದೀಯಾ? ... ಹಾಂ. ಉಸಿರು ಕೇಳಿಸ್ತಿದೆ.

...

ಈ ವರ್ಷ ಗುಂಡುಗಳ ಹಳೇ ಬಣ್ಣ ಕೆರೆದು ಹೊಸಾದು ಬಳಿದವರು ಯಾರು? ... ಯಾರು? ... ನೀನೇ ಅಲ್ವಾ? ದೊಡ್ಡದು ಕಂಡ ಕೂಡಲೇ ಇದು ಗಂಡಸರದ್ದು ಅಂತ ಕಪ್ಪು ಬಳಿದೆ. ಸಣ್ಣದಕ್ಕೆ, ಇದು ಹೆಂಗಸರದ್ದೇ ಇರಬೇಕು ಅಂತ ಕೆಂಪು. ಸರಿ ತಾನೇ? ... ಸಣ್ಣದು ಸೀಸದ್ದು ಕಣೋ ಮಂಕೆ! ಅಪ್ಪ ಚರ್ಚಿನ ಮಾಡಿಗೆ ಹೊದಿಸಿದ್ದ ಸೀಸ ಕರಗಿಸಿ ಎರಕ ಹೊಯ್ದಿದ್ದು. ... ಆ ಸೀಸ ಅಪ್ಪನ ಕೈಗೆ ಹೇಗೆ ಬಂತು ಅಂತ ಈಗ ಕೆದಕ್ಬೇಡ. ದೊಡ್ಡದು ಬರೀ ಕಬ್ಬಿಣ, ಒಳಗೆ ಟೊಳ್ಳು. ಗಾತ್ರ ದೊಡ್ಡದು, ತೂಕ ಕಮ್ಮಿ. ನಿನ್ನ ಥರಾನೇ.

...

ಅಲ್ಲ, ಎತ್ತಿದಾಗ ಹಗುರ ಅನ್ನಿಸ್ಲಿಲ್ವಾ ನಿನಗೆ? ... ಅನ್ನಿಸ್ತಾ! ... ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ... ಏನು? ಮೈಗೆ ಬಲ ಬಂದಿದೆ ಅಂದ್ಕೊಂಡ್ಯಾ? ಬೆಳಿಗ್ಗೆ ತಿಂದ ಓಟ್ಸ್ ಗಂಜಿಯಿಂದಾನಾ? ಅಯ್ಯೋ ದೇವರೇ.

...

ನಾವು ಯಾಕೆ ಹೇಳ್ಲಿಲ್ಲ ಅಂದ್ರೆ... ಗುಂಡು ಭಾರ ಇದೆ ಅಂದಿದ್ರೆ ನೀನು ಏನಂತಿದ್ದೆ? ... ನೋಡಿದ್ಯಾ, ಸೋಲೋರ ನೆಪ ಅಂತ ಈಗಲೇ ಅಂದುಬಿಟ್ಟೆ. ಅದಕ್ಕೇ ಹೇಳ್ಲಿಲ್ಲ. ಐದು ಜನಾನೂ ಹಲ್ಲು ಕಚ್ಕೊಂಡು ಎಸೆದ್ವಿ. ಒಬ್ಬರ ಮುಖ ಒಬ್ಬರು ನೋಡ್ಲಿಲ್ಲ. ರೋನಾ ಅತ್ತಿಗೆ ಎಂಟಡೀನೂ ದಾಟಿಸೋಕಾಗದೆ ನಿಂತಾಗ, ಕಟ್ಕೊಂಡ ಹೆಂಡ್ತಿಗೆ ಎಲ್ಲರೆದುರು ಏನಂದೆ ನೀನು? ... ಹೇಳು, ನೆನಪಿದೆ ನಿನಗೆ. ... "ನಿನ್ನ ಕೈಗೆ ಚಮಚಾನೇ ಸರಿ" ಅಂದೆ.

...

ತಮಾಷೆಯಂತೆ! ಅವರು ನಗ್ಲಿಲ್ಲ. ಮನೆಗೆ ಹೋಗೋವಾಗ ಕಾರಲ್ಲಿ ಮಾತಾಡಿದ್ರಾ? ... ಇಲ್ಲ ಅಲ್ವಾ. ಇವತ್ತು ಬೆಳಿಗ್ಗೆ? ... ಹಾಂ.

...

ಅದಿರ್ಲಿ, ಕಪ್ಪು ಗುಂಡು ಎಲ್ಲಿ? ಶೆಡ್ಡಿಗೆ ಬರಲೇ ಇಲ್ಲ. ... ನಿನ್ನ ಮನೇಲಾ? ... ಊಟದ ಮೇಜಿನ ಮೇಲೆ! ಪಕ್ಕದಲ್ಲಿ ಹೂದಾನಿ ಬೇರೆ! ... ಯಾರು ಬರ್ತಾರೆ? ಪೇಪರಿನವರಾ, ಫೋಟೋ ತೆಗೆಯೋಕೆ? ... ಅವರು ಬರೋಕೆ ಮುಂಚೆ ಅದನ್ನ ಒಂದ್ಸಲ ತೂಗಿಬಿಡು. ... ಯಾಕೆ ಬೇಡ? ... ಅಣ್ಣಾ, ತೂಗೋದಕ್ಕೆ ಧೈರ್ಯ ಇಲ್ಲ ಅಂದ್ರೆ ಹಾಗೇ ಹೇಳು.

...

ಏನಂದೆ? ... ಮತ್ತೊಂದ್ಸಲ ಹೇಳು. ... ನಾನು ಬಾಯಿ ಮುಚ್ಕೊಂಡಿದ್ರೆ ನೀನು ಸಭೆಯಲ್ಲಿ ಮೊಟ್ಟೆ ಮಾತೇ ಎತ್ತಲ್ಲ ಅಂತೀಯಾ. ಆಟ ಉಳಿಯುತ್ತೆ. ನಿನ್ನ ಹದಿನಾರಡೀನೂ ಉಳಿಯುತ್ತೆ.

ಸುಳ್ಳು ಹೇಳುವುದು ಯಾಕೆ, ಒಂದು ಕ್ಷಣ ಸೆಂಗಾಳಿಗೆ ಆಸೆಯಾಯಿತು. ಆಟ ಉಳಿದರೆ ಸಾಕಲ್ಲ, ಮುದುಕನ ಹುಚ್ಚು ಅವನಿಗಿರಲಿ ಅನ್ನಿಸಿತು. ಆದರೆ ಕಣ್ಣು ಮತ್ತೆ ಯಂತ್ರದ ಮುಳ್ಳಿನ ಮೇಲೆ ಬಿತ್ತು. ನಲವತ್ತೆರಡು ಪೌಂಡಿನ ಗುಂಡನ್ನು ಒಂಬತ್ತು ಅಡಿ ದಾಟಿಸಿದ ಹೆಂಗಸು ಆ ಬಯಲಿನಲ್ಲಿ ಹಿಂದೆಂದೂ ಇರಲಿಲ್ಲ. ಅಂಥ ಹೆಂಗಸು ತಾನು ಸೋತೆ ಅಂದುಕೊಂಡು ರಾತ್ರಿ ಕೂತು ಅತ್ತಿದ್ದಳು. ನೆನೆದು ಮೈಯೆಲ್ಲ ಉರಿಯಿತು.

ಆಗಲ್ಲ. ... ಆಗಲ್ಲ ಅಂದ್ನಲ್ಲ. ಸಭೆಗೆ ನಾನೇ ಬರ್ತೀನಿ, ಗುಂಡೂ ತರ್ತೀನಿ, ಯಂತ್ರಾನೂ ತರ್ತೀನಿ. ... ಕೂಗ್ಬೇಡ. ... ಏನು? ... ಸರಿಯಾದ ಗುಂಡು ಕೊಟ್ಟಿದ್ರೂ ನಮ್ಮ ಕೈಲಿ ಆಗ್ತಿರ್ಲಿಲ್ವಾ? ಹೆಂಗಸರ ಕೈಲಿ ಆಗೋ ಆಟಾನೇ ಅಲ್ಲ ಅಂತೀಯಾ ಇದು? ... ಇನ್ನೂ ಜೋರಾಗಿ ಹೇಳು, ಅತ್ತಿಗೆಗೂ ಕೇಳ್ಲಿ.

...

ಕೇಳಿಸ್ತಾ? ... ಬಾಗಿಲಲ್ಲೇ ನಿಂತಿದ್ದಾರಾ? ... ಎಷ್ಟೊತ್ತಿಂದ? ... ಏನಂತಿದ್ದಾರೆ? ... ಏನೂ ಅಂತಿಲ್ವಾ? ಹಾಗಾದ್ರೆ ನೀನು ಕೆಟ್ಟೆ.

...

ಅದೇನು ಸದ್ದು? ... ಗುಂಡು ಎತ್ಕೊಂಡ್ರಾ? ಒಂದೇ ಕೈಲಾ? ... ಹೂದಾನಿ ಹೋಯ್ತಾ? ಹೋಗ್ಲಿ ಬಿಡು. ... ಎಲ್ಲಿಗೆ ಹೊರಟ್ರು? ... ಅಂಗಳಕ್ಕಾ!

...

ನೀನು ಅಲ್ಲಾಡ್ಬೇಡ. ಫೋನ್ ಇಟ್ಟೀಯ ಮತ್ತೆ! ಕಿಟಕಿಯಿಂದ ನೋಡ್ತಾ ನೋಡ್ತಾ ಹೇಳು. ... ರಾತ್ರಿ ಉಡುಪಲ್ಲೇ? ಮೇಲೆ ನಿನ್ನ ಕೋಟು? ಪರವಾಗಿಲ್ಲ, ಕೈ ಸಡಿಲವಾಗಿರುತ್ತೆ. ... ಎಸೆದೇಬಿಟ್ರಾ? ಎಷ್ಟು ಹೋಯ್ತು? ... ಬಾಗಿಲ ಎತ್ತರ ಅಷ್ಟೇನಾ. ... ನಗ್ಬೇಡ! ಕಿಟಕಿ ತೆಗೆ. ನಾನು ಹೇಳಿದ್ದನ್ನ ಕೂಗಿ ಹೇಳು. ಕೈಯಿಂದ ಎತ್ಬೇಡ, ಮೊಣಕಾಲು ಬಗ್ಗಿಸು, ಸೊಂಟ ಮುಂದಕ್ಕೆ ತಳ್ಳು ಅನ್ನು. ... ಕೂಗು! ... ಇನ್ನೂ ಜೋರಾಗಿ. ಗುಂಡನ್ನ ಕೊನೇವರೆಗೂ ಕಣ್ಣಲ್ಲೇ ಹಿಡಿ ಅನ್ನು. ... ಹಾಗೆ.

...

ಎಷ್ಟು? ... ಅಟ್ಟದ ಕಿಟಕಿ ತನಕಾ! ಅಲ್ಲಿಗೆ ಹನ್ನೊಂದಡಿ ಆಯ್ತಲ್ಲೋ! ... ನಗು ಎಲ್ಲಿ ಹೋಯ್ತು? ... ಮತ್ತೆ ಎತ್ಕೊಂಡ್ರಾ? ಭೇಷ್.

...

ಯಾಕೆ? ಯಾಕೆ ನಿಲ್ಲಿಸ್ಬೇಕು? ... ಯಾವ ತಂತಿ? ... ಕಂಬದಿಂದ ನಿನ್ನ ಮನೆಗೆ ಬರೋ ಫೋನಿನ ತಂತೀನಾ? ಅದರ ಅಡಿಯಲ್ಲೇ ನಿಂತಿದ್ದಾರಾ? ... ಎಷ್ಟೆತ್ತರ ಇದೆ ಅದು? ... ಸರಿಯಾಗಿ ಹೇಳು. ... ಹದಿನಾಲ್ಕು ಅಡಿ. ... ಹಾಗಾದ್ರೆ ನಿನಗ್ಯಾಕೋ ಭಯ? ಹೆಂಗಸರ ಕೈಲಿ ಆಗಲ್ವಲ್ಲ! ಎಸೀಲಿ ಬಿಡು.

...

ಅಣ್ಣಾ? ... ಎಸೆದ್ರಾ? ... ಮೇಲೆ ಹೋಯ್ತಾ? ... ಎಲ್ಲಿ ತನಕ ಹೋಯ್ತು ಹೇ—

ಟಕ್ ಎಂದಿತು. ಆಮೇಲೆ ಆ ಕಡೆಯಿಂದ ಉಸಿರಿನ ಸದ್ದೂ ಇಲ್ಲ. ಸೆಂಗಾಳಿಗೆ ಸಂತೋಷ ತಡೆಯಲಾಗಲಿಲ್ಲ. ಸತ್ತ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಕ್ಕೇ ಕೂಗಿದಳು:

ಹದಿನಾಲ್ಕು ಅಡಿ, ಅತ್ತಿಗೇ!