ಉದ್ದ ಕೊಯ್ಯೋದಾ, ಓರೆ ಕೊಯ್ಯೋದಾ?

ದೀಪ ಸಣ್ಣ ಮಾಡ್ರಿ, ಹೇಳ್ತೀನಿ. ಇದು ನಮ್ಮ ಚಿಗವ್ವನ ಮಗ ಸಾಯಬಣ್ಣಗ ಆಗಿದ್ದು. ನಿಜಾಮನ ಕಾಲ. ವಾಡಿಯಾಗ ಒಂದು ಸಣ್ಣ ದವಾಖಾನಿ. ಗಾಯ ತೊಳದು ಪಟ್ಟಿ ಕಟ್ಟೋ ಕೆಲಸ ಅವಂದು.

ಆ ರಾತ್ರಿ ಹನ್ನೊಂದಾಗಿತ್ತು. ಒಬ್ಬನೇ ಮನಿಗಿ ಹೊಂಟಿದ್ದ. ಹಾದ್ಯಾಗ ಆಲದ ಗಿಡ, ಅದರ ಬುಡಕ್ಕ ಹಾಳು ಬಾವಿ. ಗಾಳಿ ಇಲ್ಲ. ಒಂದು ಎಲಿ ಅಲ್ಲಾಡವಲ್ದು. ಆದ್ರ... ಟಿಕ್... ಟಿಕ್... ಕತ್ತರಿ ತೆರದು ಮುಚ್ಚಿದಂಗ.

ಬಾವಿಕಟ್ಟಿ ಮ್ಯಾಲ ನರಸಿಂಹರಾವ್ ಡಾಕ್ಟರು ಕುಂತಿದ್ರು. ಬಲಗಡಿ ಹೊಟ್ಟಿ ಒತ್ತಿ ಹಿಡಕೊಂಡು.

ಅವರು ಸತ್ತು ವರ್ಷ ಆಗಿತ್ತು. ಅದೇ ದವಾಖಾನ್ಯಾಗ ಎಷ್ಟೋ ಮಂದಿದು ಅಪೆಂಡಿಕ್ಸ್ ತಗದು ಉಳಿಸಿದವ್ರು. ಅವರದೇ ಬಾತಾಗ ಕೊಯ್ಯಲಿಕ್ಕಿ ಊರಾಗ ಇನ್ನೊಬ್ಬ ಡಾಕ್ಟರ ಇದ್ದಿಲ್ಲ. ಹೈದರಾಬಾದ್ ಗಾಡಿ ಬರೋದ್ರಾಗ ಮುಗದಿತ್ತು. ಹೆಂಡ್ತಿ ಮಕ್ಕಳಿಲ್ಲ. ಕಡೀತನ ಕೈ ಹಿಡಕೊಂಡು ಕುಂತವ ಸಾಯಬಣ್ಣ ಒಬ್ಬನೇ.

"ಸಾಯಬಣ್ಣ... ಹೊಸ ಡಾಕ್ಟರ ಹ್ಯಾಂಗ ಕೊಯ್ತಾನ?"

ಸಾಯಬಣ್ಣ ಕೈ ಮುಗದ. "ಶೌಕತ ಅಲಿ ಸಾಹೇಬ್ರು... ಓರೆ ಕೊಯ್ತಾರ್ರಿ. ಸಣ್ಣಂದು. ಒಳಗಿನ ಮಾಂಸ ಕತ್ತರಸಂಗಿಲ್ರಿ, ಎಳಿ ಬಿಡಿಸಿ ಸರಸ್ತಾರ."

"ನಾ ಉದ್ದ ಕೊಯ್ತಿದ್ದೆ."

"ಅವರ ಗಾಯ ಲಗೂ ಕೂಡ್ತದ್ರಿ."

"ಹೌದು... ಛಲೋ ಅದ." ಡಾಕ್ಟರು ಹೊಟ್ಟಿ ಮತ್ತಷ್ಟು ಒತ್ತಿ ಹಿಡದ್ರು. "ಆದ್ರ ಅಪೆಂಡಿಕ್ಸ್ ಒಡದ ಮ್ಯಾಲ ಸಣ್ಣ ತೂತಿನಾಗ ಕೀವು ತೊಳೀಲಿಕ್ಕಿ ಆಗಂಗಿಲ್ಲ. ಗನಿಸಾಬಂದು ಈಗ ಒಡದದ. ಬೆಳಗಾಗೋತನ ತಡೀಬ್ಯಾಡ ಅನ್ನು ಅವನಿಗಿ."

ಗನಿಸಾಬ ಶಹಾಬಾದಿನ ಕಲ್ಲಿನ ಖಣಿಯವ. ಹೊಟ್ಟಿ ನೋವಂತ ಸಂಜಿಗಿ ದವಾಖಾನಿಗಿ ಭರ್ತಿ ಆಗಿದ್ದ. ಕೊಯ್ಯೋದು ಮುಂಜಾನಿ ಇತ್ತು.

ಸಾಯಬಣ್ಣ ತಿರುಗಿ ಓಡಿ ಹೊಸ ಡಾಕ್ಟರನ್ನ ಎಬ್ಬಿಸಿದ. "ಒಮ್ಮಿ ಹೊಟ್ಟಿ ಮುಟ್ಟಿ ನೋಡ್ರಿ ಸಾಹೇಬ್ರ" ಅಂತ ಕಾಲು ಹಿಡದ. ಶೌಕತ ಅಲಿ ಬೈಕೋತ ಎದ್ದು ಬಂದ್ರು. ಮುಟ್ಟಿದ್ರು. ಹೊಟ್ಟಿ ಹಲಗಿ ಹಂಗ ಗಟ್ಟಿ ಆಗಿತ್ತು. ಆಗಿಂದಾಗ ಉದ್ದ ಕೊಯ್ದ್ರು. ಬೊಗಸಿ ಕೀವು. ಗಾಯ ಮಾಯಲಿಕ್ಕಿ ತಿಂಗಳು ಹಿಡೀತು, ಆದ್ರ ಗನಿಸಾಬ ಉಳದ.

"ನಿನಗ ಹ್ಯಾಂಗ ಗೊತ್ತಾಯ್ತು?" ಶೌಕತ ಅಲಿ ಕೇಳಿದ್ರು. ಸಾಯಬಣ್ಣ ಕತ್ತರಿ ತೊಳೀಲಿಕ್ಕಿ ಹೋದ.

ಮುಂದ ಎಷ್ಟೋ ರಾತ್ರಿ ಆ ಬಾವಿಕಟ್ಟಿ ಮ್ಯಾಲ ಒಬ್ಬನೇ ಹೋಗಿ ಕುಂತ. "ಉಳದಾನ್ರಿ" ಅಂತ ಹೇಳಬೇಕಂತ. ಯಾರೂ ಬರಲಿಲ್ಲ.

ಇನ್ನೊಂದು ಹೇಳ್ತೀನಿ, ಇದೂ ಖರೆ, ಅವನ ಬಾಯಿಂದೇ ಕೇಳೀನಿ. ಕೊಯ್ದ ಮರುದಿನ ಮುಂಜಾನಿ ನೋಡಿದ್ರ, ಗನಿಸಾಬನ ಬಾಜೂ ಮಂಚದ ಹಾಸಿಗಿ ಯಾರೋ ರಾತ್ರಿಪೂರಾ ಕುಂತು ಎದ್ದಂಗ ತಗ್ಗಾಗಿತ್ತು. ಎಂಟು ದಿನದಿಂದ ಅಲ್ಲಿ ಯಾರೂ ಮಲಗಿದ್ದಿಲ್ಲ. ಸಾಯಬಣ್ಣ ಕೈ ಇಟ್ಟ...

ಬೆಚ್ಚಗಿತ್ತು.